ಅವ್ವನ ಫಾರಂನಲ್ಲಿದ್ದ ‘ಲೈಟ್ ವರ್ಕ್’

ನಿನ್ನೆ ಪಿಂಚಣಿ ಅರ್ಜಿ ಕೊಡಲು ಅವ್ವನನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದಾಗ ಇಂಕ್ ಪ್ಯಾಡಿನ ವಾಸನೆ ಮೂಗಿಗೆ ಬಡಿಯಿತು. ಗುಬ್ಬಿ ಊರಿನ ತೆಂಗಿನ ನಾರಿನ ಶೆಡ್ಡು ಕಣ್ಣೆದುರು ಬಂತು.

ಅಲ್ಲಿ ಅವ್ವ ನೀರಲ್ಲಿ ನೆನೆದ ತೆಂಗಿನ ಮಟ್ಟೆಗಳನ್ನು ದಿನವಿಡೀ ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದಳು. ಸಂಜೆ ಮುದ್ದೆ ಮುರಿಯಲೂ ಅವಳ ಬೆರಳು ಮಡಚುತ್ತಿರಲಿಲ್ಲ. ಒಂದು ದಿನ ಮೇಸ್ತ್ರಿ ಇಂಗ್ಲಿಷ್ ಫಾರಂ ಚಾಚಿ, “ಹೆಬ್ಬೆಟ್ಟು ಒತ್ತು ರಂಗಮ್ಮ, ಸುಮ್ನೆ ರೂಲ್ಸು” ಅಂದ. ಆಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯುತ್ತಾ, ಸಂತೆಯಲ್ಲಿ ಹಂಚುವ ಕರಪತ್ರಗಳನ್ನೆಲ್ಲ ಓದುತ್ತಿದ್ದ ನಾನು ಪಕ್ಕದಲ್ಲಿ ನಿಂತು ಇದನ್ನೂ ಓದಿದೆ.

“ಒತ್ತಬ್ಯಾಡ ಕಣವ್ವ! ಗಂಡಸರಿಗೆ ಹೆವಿ ಲೇಬರ್, ಭಾರದ ಕೆಲ್ಸ ಅಂತ ಬರೆದವ್ರೆ. ನಿಂಗೆ ಲೈಟ್ ವರ್ಕ್. ಹಗುರದ ಕೆಲ್ಸವಂತೆ, ಅದಕ್ಕೇ ಕೂಲಿ ಕಮ್ಮಿ.”

“ಒತ್ತದಿದ್ರೆ ನಾಳೆಯಿಂದ ಬರಬ್ಯಾಡ” ಎಂದು ಮೇಸ್ತ್ರಿ ಗುಡುಗಿದ.

ಇಂಕು ಮೆತ್ತಿದ ಅವ್ವನ ಹೆಬ್ಬೆಟ್ಟು ಕಾಗದಕ್ಕೆ ತಾಗದೆ ಮೇಲೆಯೇ ನಿಂತಿತು. ಮನೆಯಲ್ಲಿ ನಾಲ್ಕು ಹೊಟ್ಟೆ, ದುಡಿಯುವವಳು ಅವಳೊಬ್ಬಳೇ. ನಾನು ಹೇಳಿದ್ದು ತಪ್ಪಾಯಿತೇನೋ ಅನ್ನಿಸಿತು.

ಅವ್ವ ಕೊಡತಿಯನ್ನು ಅವನ ಕಾಲ ಬಳಿ ಇಟ್ಟಳು. “ಒಂದೇ ಒಂದು ಮಟ್ಟೆ ಬಡಿ ನೋಡಾನ ಮೇಸ್ತ್ರಪ್ಪ. ಹಗುರ ಅನ್ಸಿದ್ರೆ ಒತ್ತೀನಿ.”

ಅದನ್ನೆತ್ತಲು ಅವನು ಬಗ್ಗಲಿಲ್ಲ, ಅವ್ವ ಹೆಬ್ಬೆಟ್ಟು ಒತ್ತಲೂ ಇಲ್ಲ. ಮಾರನೇ ದಿನದಿಂದ ಅವ್ವನಿಗೆ ಅಲ್ಲಿ ಕೆಲಸವೂ ಇರಲಿಲ್ಲ.

ನಿನ್ನೆ ಗುಮಾಸ್ತರು ಅರ್ಜಿಯಲ್ಲಿ ‘ಉದ್ಯೋಗ: ಇಲ್ಲ’ ಎಂದು ಬರೆದರು. ನಾನು ಅದನ್ನು ಹೊಡೆದು ಹಾಕಿ, ‘ಹೆವಿ ಲೇಬರ್’ ಎಂದು ಬರೆದೆ.

“ಈಗ ಒತ್ತವ್ವ” ಅಂದೆ.