ಎರಡು ಬೀಗದ ಅಂಗಡಿ

ಆ ಅಂಗಡಿಯ ಷಟರಿಗೆ ಎರಡು ಬೀಗ. ಎಡಗಡೆಯ ಕೀಲಿಕೈ ಟೈಲರಕ್ಕನ ಹತ್ತಿರ, ಬಲಗಡೆಯದು ಗಡಿಯಾರದಣ್ಣನ ಹತ್ತಿರ. ಒಬ್ಬರೇ ಬಂದರೆ ಅಂಗಡಿ ತೆರೆಯುವಂತಿಲ್ಲ. ಮೊದಲು ಬಂದವರು ತಮ್ಮ ಬೀಗ ತೆಗೆದು, ಮೆಟ್ಟಿಲ ಮೇಲೆ ಕೂತು, ಇನ್ನೊಬ್ಬರ ದಾರಿ ನೋಡಬೇಕು. ಇಪ್ಪತ್ತೆರಡು ವರ್ಷ ಇದು ಹೀಗೇ ನಡೆದಿತ್ತು.

ಒಬ್ಬರ ಕೈಲಾಗದ ಬಾಡಿಗೆಗೆ ಇಬ್ಬರೂ ಹೆಗಲು ಕೊಟ್ಟು ಹಿಡಿದ ಕೋಣೆ ಅದು. ಒಳಗೋಡೆಯ ಕಡೆ ಅವಳ ಹೊಲಿಗೆ ಯಂತ್ರ. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು. ಇಬ್ಬರ ದೇವರು ಬೇರೆ. ಓಟು ಹಾಕುವ ಪಕ್ಷಗಳಂತೂ ಹಾವು ಮುಂಗುಸಿ.

"ಏನಮ್ಮಾ ತಂಗಿ, ಈ ಸಲನೂ ನಿಮ್ಮವ್ರು ಠೇವಣಿ ಕಳ್ಕೊಳ್ತಾರಂತೆ?"

"ಕಳ್ಕೊಳ್ಲಿ ಬಿಡಣ್ಣ. ನಿಮ್ಮವ್ರು ಗೆದ್ದು ಐದು ವರ್ಷ ಆಯ್ತಲ್ಲ, ಈ ಬೀದಿ ದೀಪ ಒಂದು ದಿನನಾದ್ರೂ ಹತ್ತಿತಾ?"

"ಅದನ್ನ ಕೆಡಿಸಿ ಹೋದೋರೇ ನಿಮ್ಮವ್ರು!"

ನಗುತ್ತಲೇ ಅವನು ಮತ್ತೆ ಗಡಿಯಾರದೊಳಗೆ ಮುಳುಗುತ್ತಿದ್ದ. ಅವಳ ಕತ್ತರಿ ಮೊಂಡಾದರೆ ಹರಿತ ಮಾಡಿ ಕೊಡುವವನು ಅವನೇ. ಅವನ ಅಕ್ಕನ ಒಬ್ಬನೇ ಮಗನಿಗೆ ಬಟ್ಟೆ ಹೊಲಿಯುವವಳು ಅವಳೇ. ಹುಡುಗ ನೋಡನೋಡುತ್ತಾ ಉದ್ದವಾಗುತ್ತಾನೆಂದು ಪ್ಯಾಂಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಮಡಿಸಿಟ್ಟು, ವರ್ಷಕ್ಕೊಮ್ಮೆ ಬಿಚ್ಚಿ ಇಳಿಸಿ ಕೊಡುತ್ತಿದ್ದಳು. ಮೀಸೆ ಬಂದು ಕಾಲೇಜು ಸೇರಿದ ಮೇಲೂ ಅವನು ಪ್ಯಾಂಟನ್ನು ಯಂತ್ರದ ಮೇಲೆ ಎಸೆದು, "ಚಿಕ್ಕಮ್ಮಾ, ಇನ್ನೊಂಚೂರು ಇಳಿಸು" ಅನ್ನುತ್ತಿದ್ದ.

ಊರು ಹೊತ್ತಿಕೊಂಡದ್ದು ಒಂದು ಮಧ್ಯಾಹ್ನ. ಮೆರವಣಿಗೆಯೊಂದರ ಮೇಲೆ ಎಲ್ಲಿಂದಲೋ ಕಲ್ಲು ಬಿತ್ತು. ಗಂಟೆ ಕಳೆಯುವುದರೊಳಗೆ ಅವನ ಕಡೆಯವರ ಗುಂಪು ಅವಳ ಕಡೆಯವರನ್ನು ಹುಡುಕುತ್ತಾ ಬೀದಿಗಿಳಿಯಿತು. ಅಣ್ಣ ಎದ್ದು, "ಕೀಲಿಕೈ ಕೊಡು" ಅಂದ. ಅವಳು ಕೊಟ್ಟಳು. ಅವಳನ್ನು ಒಳಗೆ ಬಿಟ್ಟು ಷಟರ್ ಎಳೆದು, ಎರಡೂ ಬೀಗ ಹಾಕಿ, ಹೊರಗೆ ಮೆಟ್ಟಿಲ ಮೇಲೆ ಕೂತ.

ಅವಳು ಕತ್ತಲಲ್ಲಿ ನೆಲಕ್ಕೆ ಅಂಟಿಕೊಂಡು ಮಲಗಿದಳು. ಷಟರಿನ ಕೆಳಗಿನ ಸಂದಿಯಲ್ಲಿ ಬರೀ ಕಾಲುಗಳು.

"ಎಲ್ಲಿ ಅವಳು?"

"ಬೆಳಗ್ಗೆಯಿಂದ ಕಾದು ಕಾದು ಸಾಕಾಯ್ತು. ಬಂದಿದ್ರೆ ಅಂಗಡಿ ತೆಗೀತಿರ್ಲಿಲ್ವಾ? ಆ ಬೀಗದ ಕೀಲಿ ಅವಳ ಹತ್ರ ಅಂತ ನಿಮಗೆ ಗೊತ್ತಿಲ್ವಾ?"

ಬೀದಿಗೆಲ್ಲ ಗೊತ್ತಿದ್ದ ಮಾತು. ನಂಬಿದರು. ಕಾಲುಗಳು ತಿರುಗಿದವು. ಅವುಗಳ ನಡುವೆ ಒಂದು ನೀಲಿ ಪ್ಯಾಂಟು. ಬಿಚ್ಚಿ ಇಳಿಸಿದ ಅಂಚಿನ ಹಳೆಯ ಗೆರೆ, ಅದರ ಕೆಳಗೆ ಅವಳದೇ ಹೊಲಿಗೆ. ಪಕ್ಕದಲ್ಲಿ ನೆಲ ಮುಟ್ಟುತ್ತಿದ್ದ ದೊಣ್ಣೆಯ ತುದಿ.

ಆ ಕಾಲಿನ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ. ಅವನೂ ಎತ್ತಲಿಲ್ಲ. ಮಾರನೆಯ ವಾರ ಕೀಲಿಕೈ ಹಿಂತಿರುಗಿಸಿ, "ಕತ್ತರಿ ಕೊಡು, ಹರಿತ ಮಾಡ್ಕೊಡ್ತೀನಿ" ಅಂದ, ಅಷ್ಟೇ.

ಆಮೇಲೆ ಶಾಂತಿ ಸಮಿತಿ ಬಂತು. ಅಣ್ಣ ಅವಳನ್ನು ಉಳಿಸಿದ ವಿಷಯ ಯಾರ ಬಾಯಿಂದಲೋ ತಿಳಿದು, ಸಮಿತಿಯ ಸಾಹೇಬರು ಸಭೆಗೆ ಬನ್ನಿ ಎಂದು ಇಬ್ಬರಿಗೂ ಹೇಳಿಕಳಿಸಿದರು.

"ಬೇಡ ಕಣಮ್ಮ. ಇದನ್ನೆಲ್ಲ ಮೈಕಲ್ಲಿ ಹೇಳ್ಕೋತಾರಾ?"

"ನೀನು ಸುಮ್ನಿರಣ್ಣ. ನಿನ್ನ ದೊಡ್ಡಸ್ತಿಕೆ ನಾಲ್ಕು ಜನಕ್ಕೆ ಗೊತ್ತಾಗ್ಬೇಡ್ವಾ?"

ಅವಳು ಮೈಕು ಹಿಡಿದದ್ದು ಅದೇ ಮೊದಲು. ಕೀಲಿಕೈಯ ಮಾತಿಗೆ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವಳನ್ನು ಇನ್ನೊಂದು ಹೆಜ್ಜೆ ಮುಂದೆ ಎಳೆಯಿತು.

"ಅಷ್ಟೇ ಅಲ್ಲ! ಆ ಗುಂಪಲ್ಲಿ ಇವರ ಸ್ವಂತ ಅಕ್ಕನ ಮಗನೇ ಇದ್ದ. ಅಂಚು ಹೊಲ್ದೋಳು ನಾನು, ನಂಗೆ ಗೊತ್ತಾಗಲ್ವಾ? ಎತ್ತಿ ಆಡಿಸಿದ ಹುಡುಗನ ಮುಂದೆನೂ ನನಗೋಸ್ಕರ ಸುಳ್ಳು ಹೇಳಿದ, ನಮ್ಮಣ್ಣ!"

ಸಭೆಯೇ ಎದ್ದು ನಿಂತಿತು. ಕೂತೇ ಇದ್ದವನು ಅಣ್ಣ ಒಬ್ಬ. ಅವನ ಎರಡೂ ಕೈ ಮಂಡಿಯ ಮೇಲಿದ್ದವು.

ಮರುದಿನ ಬೆಳಗ್ಗೆ ಪೊಲೀಸರು ಹುಡುಗನನ್ನು ಕರೆದೊಯ್ದರು. ಮಧ್ಯಾಹ್ನ ಅವಳ ಯಂತ್ರದ ಮೇಲೆ ಹೇಳಿಕೆಯ ಕಾಗದ ಹರಡಿ ಸಹಿ ಕೇಳಿದರು.

"ನಾನು ಹೊಗಳೋಕೆ ಅಂತ ಹೇಳಿದ್ದು ಸಾರ್."

"ಆದ್ರೂ ನಿಜ ತಾನೇ?"

ನಿಜ. ಅದೇ ಗುಂಪು ಅದೇ ದಿನ ಅವಳ ಕಡೆಯ ಚಪ್ಪಲಿ ಹೊಲಿಯುವವನ ಕಾಲು ಮುರಿದಿತ್ತು. ಅಣ್ಣನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಸಹಿ ಹಾಕಿದಳು.

ಸಂಜೆ ಅಣ್ಣನ ಅಕ್ಕ ಬಂದು ಮೆಟ್ಟಿಲ ಕೆಳಗೇ ನಿಂತಳು. "ಅಂಚು ಬಿಟ್ಟು ಹೊಲ್ದ ಕೈಯಲ್ಲೇ ಹಿಡ್ಕೊಟ್ಯಲ್ಲೇ" ಅಂದು ಹೊರಟುಹೋದಳು. ಅವನ ಕಡೆಯವರು ಅವನನ್ನು ಮನೆಮುರುಕ ಅಂದರು. ಅವಳ ಕಡೆಯವರು ಅವಳ ಬೆನ್ನು ತಟ್ಟಿ, "ಒಳ್ಳೆ ಕೆಲಸ ಮಾಡಿದೆ, ಸರಿಯಾಗಿ ಬುದ್ಧಿ ಕಲಿಸಿದೆ" ಅಂದರು.

ಅಣ್ಣ ಕೂಗಾಡಲಿಲ್ಲ. ಗಾಜಿನ ಪೆಟ್ಟಿಗೆಯಿಂದ ಗಡಿಯಾರಗಳನ್ನು ಒಂದೊಂದಾಗಿ ಎತ್ತಿ ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದ: "ಅವತ್ತು ರಾತ್ರಿನೇ ಅವನಿಗೆ ಬಾರಿಸಿದ್ದೆ. ಒಂದು ವಾರ ಮನೆಯಿಂದ ಹೊರಗೆ ಬಿಟ್ಟಿರ್ಲಿಲ್ಲ. ನಿಮ್ಮ ಕಾಲಿಗೆ ಬೀಳಿಸ್ಬೇಕು ಅಂತಿದ್ದೆ. ನೀವು ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

ನೀವು ಅಂದ. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಅವಳು ಆ ಮರ್ಯಾದೆಯನ್ನು ಕೇಳಿರಲಿಲ್ಲ.

ತಿಂಗಳೊಳಗೆ ಕೋಣೆಯ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಒಂದು ಷಟರ್ ಇದ್ದಲ್ಲಿ ಎರಡು ಸಣ್ಣ ಷಟರ್ ಬಂದವು. ಒಂದೊಂದಕ್ಕೂ ಎರಡೆರಡು ಬೀಗ, ಎರಡರ ಕೀಲಿಕೈಯೂ ಅವರವರ ಹತ್ತಿರವೇ.

ವರ್ಷ ತುಂಬಿತೆಂದು ಸಮಿತಿ ಮತ್ತೆ ಸೇರಿತು. ಸಾಹೇಬರು ಇಬ್ಬರನ್ನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ ಕೈ ಕುಲುಕಿಸಿದರು. ಫೋಟೋದವನು, "ಇನ್ನೂ ಸ್ವಲ್ಪ ಹತ್ತಿರ, ಹಾಂ, ನಗ್ತಾ ಇರಿ" ಅಂದ.

ತುಟಿ ಅಲುಗಿಸದೆ ಅವಳು ಕೇಳಿದಳು: "ಅಣ್ಣ, ಹುಡುಗ ಹೇಗಿದ್ದಾನೆ?"

ಅವನು ಕ್ಯಾಮೆರಾ ಕಡೆ ನಗುತ್ತಲೇ ಹೇಳಿದ: "ನೀವು ಮಾತಾಡೋದಾದ್ರೆ ನಾನು ಬರಲ್ಲ ಅಂತ ಸಾಹೇಬ್ರಿಗೆ ಮೊದ್ಲೇ ಹೇಳಿದ್ದೆ."

ಮಾರನೆಯ ದಿನದ ಪತ್ರಿಕೆಯಲ್ಲಿ ಆ ಫೋಟೋ ಬಂತು. ಕೆಳಗೆ, ಊರಿಗೆ ಮಾದರಿಯಾದ ಅಣ್ಣ ತಂಗಿ ಎಂದು ಬರೆದಿತ್ತು.

ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಅಂಗಡಿಗೆ ಬಂದಳು. ಎಡಗಡೆಯ ಬೀಗ ತೆಗೆದು, ಸೆರಗಿನಿಂದ ಧೂಳು ಒರೆಸಿ ಮೆಟ್ಟಿಲ ಮೇಲೆ ಕೂತಳು. ಗೋಡೆಯಾಚೆ ಗಡಗಡ ಸದ್ದು ಮಾಡುತ್ತಾ ಇನ್ನೊಂದು ಷಟರ್ ಮೇಲೆದ್ದಿತು. ಆಗ ನೆನಪಾಯಿತು, ಎದ್ದು, ಬಲಗಡೆಯ ಬೀಗದ ಕೀಲಿಕೈಗಾಗಿ ಚೀಲದಲ್ಲಿ ಕೈಯಾಡಿಸಿದಳು.