ಅಂಗೈ ತನ್ನ ಕಡೆಗೆ

ಶ್ರೀಹರಿ ಹೋದ ಭಾನುವಾರ ಮಧ್ಯಾಹ್ನ ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ, ಕನ್ನಡ ಸಂಘದವರು ಬಾಡಿಗೆಗೆ ಹಿಡಿದಿದ್ದ ಹಾಲಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಪಕ್ಕ ಕುಸಿದು ತೀರಿಕೊಂಡ. ಹೃದಯಾಘಾತ. ಅರವತ್ತೆರಡು ವರ್ಷ. ಮದುವೆಯಾಗಿರಲಿಲ್ಲ.

ಮೈಸೂರಿನಲ್ಲಿ ಒಟ್ಟಿಗೆ ಓದಿದವರು ನಾವು. ನಾನು ಶಿಕಾಗೋಯಿಂದ ನಾಲ್ಕೈದು ಗಂಟೆ ದಾರಿಯ ವಾರೆನ್‌ಗೆ ಬಂದು ಕಾರು ಕಂಪನಿಯಲ್ಲಿ ಬ್ರೇಕುಗಳ ಕೆಲಸ ನೋಡಿಕೊಂಡೆ. ಅವನು ಆಮ್‌ಸ್ಟರ್‌ಡ್ಯಾಮಿನ ಆಪ್ಷನ್ ಎಕ್ಸ್‌ಚೇಂಜ್ ಸೇರಿದ. ಮುಂದೊಂದು ದಿನ ಇಂಥ ಬೆಲೆಗೇ ಶೇರು ಕೊಳ್ಳುವ ಇಲ್ಲವೇ ಮಾರುವ ಹಕ್ಕನ್ನು ಇಂದೇ ಕೊಂಡಿಡುವುದು ಆಪ್ಷನ್. ಅದನ್ನು ಅಲ್ಲಿ ಫ್ಲೋರಿನ ಮೇಲೆ, ಅಂದರೆ ದೊಡ್ಡದೊಂದು ಹಾಲಿನಲ್ಲಿ ಗುಂಪಾಗಿ ನಿಂತು, ಕಿರುಚಿ, ಕೈಸನ್ನೆ ಮಾಡಿ ಮಾರುತ್ತಿದ್ದರು. ಶಿಕಾಗೋ ನೋಡಿ ಆಮ್‌ಸ್ಟರ್‌ಡ್ಯಾಮ್ ೧೯೭೮ರಲ್ಲಿ ಶುರುಮಾಡಿದ್ದು. ಆಮೇಲೆ ಜರ್ಮನಿಯವರು ಫ್ಲೋರೇ ಇಲ್ಲದ, ಬರೀ ಸ್ಕ್ರೀನಿನ ಎಕ್ಸ್‌ಚೇಂಜ್ ತೆರೆದರು. ಲಂಡನ್ನಿನ ಫ್ಲೋರು ಮೌನವಾಯಿತು, ಆಮ್‌ಸ್ಟರ್‌ಡ್ಯಾಮೂ ಮೌನವಾಯಿತು. ಇಲ್ಲಿನ್ನೂ ಕೂಗಾಟ ಉಳಿದಿದೆ ಎಂದು ಶ್ರೀಹರಿ ಶಿಕಾಗೋಗೆ ಬಂದ. ಇಲ್ಲೂ ಬಹುಪಾಲು ಸ್ಕ್ರೀನಿಗೆ ಹೋಯಿತು. ಈಚೆಗೆ ಮನೆಯಲ್ಲೇ ಕೂತು ಕೆಲಸ. "ಇವತ್ತು ಯಾರ ಹತ್ರಾನೂ ಮಾತಾಡಿಲ್ಲ ಕಣೋ, ನೀನೇ ಮೊದಲು" ಎಂದು ಸಂಜೆ ಫೋನಿನಲ್ಲಿ ಅನ್ನುತ್ತಿದ್ದ.

ಆ ಫ್ಲೋರಿನ ಕಥೆಯನ್ನು ಒಮ್ಮೆ ಕನ್ನಡದಲ್ಲಿ, ಕೇಳುವವರ ಮುಂದೆ ಹೇಳಬೇಕು. ಅವನಿಗಿದ್ದದ್ದು ಅದೊಂದೇ ಆಸೆ. ಸಂಘ ಹೋದ ಭಾನುವಾರಕ್ಕೆ ಒಪ್ಪಿತು. ನಾನು ವಾರೆನ್‌ನಿಂದ ಡ್ರೈವ್ ಮಾಡಿಕೊಂಡು ಹೋದೆ. ಹಾಲ್ ತುಂಬಿತ್ತು.

"ಸಾರ್, ಹಿಸ್ಟರಿ ಇರ್ಲಿ, ಈಗ ಯಾವ ಶೇರು ತಗೋಬೇಕು ಹೇಳಿ," ಎಂದರು ಸಂಘದ ಪ್ರಸಾದ್.

"ಗೊತ್ತಿದ್ರೆ ನಾನ್ಯಾಕಪ್ಪ ಬಾಡಿಗೆ ಮನೇಲಿರ್ತಿದ್ದೆ?"

ಎಲ್ಲರೂ ನಕ್ಕರು. ನಕ್ಕವರು ಒಬ್ಬೊಬ್ಬರಾಗಿ ಊಟದ ಕಡೆ ಎದ್ದುಹೋದರು. ಕಥೆ ಜರ್ಮನಿಗೆ ಬರುವಷ್ಟರಲ್ಲಿ ಉಳಿದದ್ದು ನಾನು, ಮತ್ತೆ ಅಡುಗೆ ತಂದಿದ್ದ ಹುಬ್ಬಳ್ಳಿಯ ಗುಲ್‌ಶನ್. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಷ್ಟ್ ಗದ್ದಲದಾಗ ಒಬ್ಬರ ಮಾತು ಒಬ್ಬರಿಗೆ ಹೆಂಗ ತಿಳೀತಿತ್ರಿ ಅಣ್ಣಾರ?"

ಶ್ರೀಹರಿ ಕೈ ಎತ್ತಿದ. "ಅಂಗೈ ನನ್ನ ಕಡೆ ಇದ್ರೆ ತಗೋತೀನಿ ಅಂತ. ಎದುರಿನವರ ಕಡೆ ಇದ್ರೆ ಕೊಡ್ತೀನಿ ಅಂತ. ಅಷ್ಟೇ ಕಣಮ್ಮ."

"ನಮ್ಮನಿಗೂ ಇದ ಬೇಕ್ರಿ. ಊಟಕ್ಕ ಬರ್ರಿ ಅಂತ ಕೂಗಿ ಕೂಗಿ ನನ್ನ ಗಂಟಲ ಹೋಗೇತಿ."

ಉಳಿದ ಕಥೆಯನ್ನೆಲ್ಲ ಅವನು ಅವರಿಗೇ ಹೇಳಿದ. ಅವರು ಕೊನೆಯವರೆಗೂ ನಿಂತು ಕೇಳಿದರು.

ಹೊರಗೆ ಅವನ ಕಾರಿನ ಹತ್ತಿರ ಬಂದಾಗ ಗಾಳಿ ಜೋರಾಗಿತ್ತು. ಅವನಿನ್ನೂ ಊಟ ಮಾಡಿರಲಿಲ್ಲ. ಲಾಟಿನ ಆ ತುದಿಯಲ್ಲಿ, ತಮ್ಮ ವ್ಯಾನಿನ ಪಕ್ಕದಿಂದ ಗುಲ್‌ಶನ್ ಏನೋ ಕೂಗಿದರು. ಕೇಳಿಸಲಿಲ್ಲ. ಆಗ ಅವರು ಒಂದು ಕೈಯಲ್ಲಿ ಪಲಾವಿನ ಡಬ್ಬಿ ಎತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ನಮ್ಮ ಕಡೆ ತೋರಿಸಿದರು.

ಶ್ರೀಹರಿ ಕಾರಿನ ಕೀಲಿಯನ್ನು ಜೇಬಿಗೆ ಹಾಕಿದ. ಕೈಯನ್ನು ತಲೆಗಿಂತ ಮೇಲೆತ್ತಿ, ಅಂಗೈಯನ್ನು ತನ್ನ ಕಡೆಗೆ ತಿರುಗಿಸಿದ.