ವೆರ್ಡೆಲ್ ಗೇನ್ಸ್‌ಗೆ ಸಿಗದ ಅರ್ಧ ಗಂಟೆ

ವೆರ್ಡೆಲ್ ಗೇನ್ಸ್ ಎಂಬ ಹೆಂಗಸಿಗೆ ನಾನು ಅರ್ಧ ಗಂಟೆಯ ಬಾಕಿ ಉಳಿಸಿಕೊಂಡಿದ್ದೇನೆ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ನಮ್ಮ ಸಂಘ ಗೊತ್ತು ಮಾಡಿದ್ದ ದರದಲ್ಲಿ ಅದು ಹದಿಮೂರು ಮುಕ್ಕಾಲು ಡಾಲರ್. ದುಡ್ಡಿನಲ್ಲಿ ತೀರುವಂಥದ್ದಾಗಿದ್ದರೆ ಎಂದೋ ಅವಳ ಮನೆ ಬಾಗಿಲಿಗೆ ಹೋಗಿ ಕೊಟ್ಟು ಬರುತ್ತಿದ್ದೆ.

ಆಗ ಶಿಕಾಗೋದಲ್ಲಿ ವಾದ್ಯ ನುಡಿಸುವ ಬಿಳಿಯರಿಗೆ ಒಂದು ಸಂಘ, ನಮ್ಮ ಕಪ್ಪು ಜನಕ್ಕೆ ಇನ್ನೊಂದು. ನಾನು ಲೂಷಸ್ ಕ್ರೆನ್ಷಾ. ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸುತ್ತಿದ್ದೆ, ಸಂಘದ ಪ್ರತಿನಿಧಿಯೂ ಆಗಿದ್ದೆ. ರೆಕಾರ್ಡಿಂಗ್ ನಡೆಯುವಲ್ಲಿ ಗಡಿಯಾರ ನೋಡುವುದು ಪ್ರತಿನಿಧಿಯ ಕೆಲಸ. ಶುರುವಾಗಿ ಮೂರು ತಾಸು ಆಯಿತೋ, ವಾದ್ಯ ಕೆಳಗಿಡಬೇಕು. ಮುಂದೆ ಒಂದು ನಿಮಿಷ ಎಳೆದರೂ ಕಂಪನಿ ತಲೆಗೆ ಅರ್ಧ ಗಂಟೆಯ ಹೆಚ್ಚುವರಿ ಕೂಲಿ ಎಣಿಸಬೇಕು. ಬೆಳಗಿನಿಂದ ಸಂಜೆಯವರೆಗೆ ದುಡಿಸಿಕೊಂಡು ಒಂದು ಸ್ಯಾಂಡ್‌ವಿಚ್ ಕೈಗಿಟ್ಟು ಕಳಿಸಿದ ಕಂಪನಿಗಳನ್ನು ನಾನು ಕಂಡಿದ್ದೇನೆ. ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಇವತ್ತಿಗೂ ನಾನು ಅದರ ಕಡೆಯವನೇ.

ವೆರ್ಡೆಲ್ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಬೆಳಗಿನ ಐದಕ್ಕೆ ಹಾಜರಿ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಪಾದ್ರಿಯೊಬ್ಬನನ್ನು ಬಿಟ್ಟು ಊರಿನ ಗಂಡಸರನ್ನೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ. ಅಲ್ಲಿ ಅವಳ ತಾಯಿ ಬಿಳಿಯರ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಆ ಮನೆಯ ಹೆಣ್ಣುಮಕ್ಕಳು ಪಿಯಾನೋ ಎದುರು ಹಾಡಿ ಬೇಸತ್ತು ಎಸೆದ ಹಾಡಿನ ಹಾಳೆಗಳನ್ನು ಒಲೆ ಹೊತ್ತಿಸಲು ಮನೆಗೆ ತರುತ್ತಿದ್ದಳು. ಮಗಳು ಓದಿ ಮುಗಿಸಿದ ಮೇಲೇ ಹಾಳೆ ಒಲೆಗೆ. ಹೀಗೆ ನ್ಯೂಯಾರ್ಕಿನ ನಾಟಕಗಳಿಗೆಂದು ಬರೆದ ಹಾಡುಗಳೆಲ್ಲ, ಮಿಕ್ಕ ಹಾಡುಗಾರರು ಹಾರಿಸಿಬಿಡುವ ಪೀಠಿಕೆಯ ಸಾಲುಗಳ ಸಮೇತ, ಅವಳ ಬಾಯಲ್ಲಿದ್ದವು. ಲಾಂಡ್ರಿಯಲ್ಲಿ ಒಂದು ಬಟ್ಟೆಗೆ ಒಂದು ಪಾದದಂತೆ ಹೇಳಿಕೊಳ್ಳುತ್ತಿದ್ದಳಂತೆ.

ಅವಳದು ದೊಡ್ಡ ಗಂಟಲಲ್ಲ. ಎದುರುಮನೆಯವಳ ಜೊತೆ ಮೆಟ್ಟಿಲ ಮೇಲೆ ಕೂತು ಮಾತಾಡಿದ ಹಾಗೆ ಹಾಡುತ್ತಿದ್ದಳು. ಒಂದು ಅಕ್ಷರವೂ ನಿಮ್ಮ ಕಿವಿ ತಪ್ಪುತ್ತಿರಲಿಲ್ಲ. ಶುಕ್ರವಾರ, ಶನಿವಾರ ನಲವತ್ತೇಳನೇ ಬೀದಿಯ ಬಾರಿನಲ್ಲಿ ಅವಳ ಹಾಡು, ಹಿಂದೆ ನನ್ನ ಬೇಸ್, ಹೋಬರ್ಟನ ಪಿಯಾನೋ. ಅಲ್ಲಿ ಅವಳದೊಂದು ಪಂದ್ಯವಿತ್ತು. ಯಾರು ಬೇಕಾದರೂ ಯಾವ ಹಳೇ ಹಾಡನ್ನಾದರೂ ಕೇಳಬಹುದು. ಒಂದು ಮಾತು ತಪ್ಪಿದರೆ ಕೇಳಿದವರಿಗೆ ಅವಳ ಖರ್ಚಿನಲ್ಲಿ ಒಂದು ಗ್ಲಾಸು ಬೂರ್ಬನ್ ವಿಸ್ಕಿ. ಆರು ವರ್ಷ ನಡೆಯಿತು, ಒಂದು ಗ್ಲಾಸೂ ಖರ್ಚಾಗಲಿಲ್ಲ. ಒಮ್ಮೆ ಅಂಚೆ ಕಚೇರಿಯವನೊಬ್ಬ ಹಾಡನ್ನು ಕಾಗದದಲ್ಲಿ ಬರೆದು ತಂದು, ಬೆರಳಿಟ್ಟು ಸಾಲು ಸಾಲು ನೋಡುತ್ತ ಕುಳಿತ. ಹಾಡಿ ಮುಗಿಸಿದವಳು ಅವನ ಕೈಯಿಂದ ಕಾಗದ ತೆಗೆದುಕೊಂಡು, ಮೂರನೇ ಸಾಲು ತಪ್ಪು ಬರೆದಿದ್ದೀಯ, ತಿದ್ದಿಕೋ ಎಂದು ವಾಪಸು ಕೊಟ್ಟಳು.

ಐವತ್ತೇಳರ ನವೆಂಬರಿನಲ್ಲಿ ಒಂದು ಸಣ್ಣ ಕಂಪನಿ ಅವಳ ಹನ್ನೆರಡು ಹಾಡು ರೆಕಾರ್ಡ್ ಮಾಡಲು ಒಪ್ಪಿತು. ಡೆನಿಸ್ಟನ್ ಎಂಬಾತ ಅದರ ಯಜಮಾನ. ಮೂರು ಮಧ್ಯಾಹ್ನ, ಮೂರರಿಂದ ಆರು. ಲಾಂಡ್ರಿಯ ಪಾಳಿ ಮುಗಿಸಿ, ಇಸ್ತ್ರಿಯ ಶಾಖಕ್ಕೆ ಕೆಂಪಾದ ಕೈಗಳಿಗೆ ಬಿಳಿ ಕೈಗವಸು ಹಾಕಿಕೊಂಡು ಬರುತ್ತಿದ್ದಳು. ನೋಡುವವರು ಯಾರೂ ಇಲ್ಲದ ಕೋಣೆಗೆ.

ಹನ್ನೊಂದು ಹಾಡು ಚೆನ್ನಾಗಿ ಬಂದವು. ಹನ್ನೆರಡನೆಯದು ಇಡೀ ದೇಶಕ್ಕೆ ಗೊತ್ತಿದ್ದ ಹಾಡು. ಇಂಥ ಹಾಡಿಗೆ ನಾಲ್ಕು ಪಾದ. ಮೊದಲೆರಡು ಒಂದೇ ಧಾಟಿ, ಮೂರನೆಯದು ಬೇರೆ ಧಾಟಿ, ನಾಲ್ಕನೆಯದು ಮತ್ತೆ ಮೊದಲಿನ ಹಾಗೆ. ಮಕ್ಕಳಿಗೂ ತಪ್ಪದ ಲೆಕ್ಕ. ನನಗೆ ತಪ್ಪಿತು. ಮೊದಲ ಪಾದ ಮುಗಿಯುವಾಗ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಆರಕ್ಕೆ ಎರಡು ನಿಮಿಷ. ಕೈ ಎರಡನೇ ಪಾದ ಬಿಟ್ಟು ನೇರ ಮೂರನೆಯದಕ್ಕೆ ಹಾರಿತು. ಬೇಸ್ ತಪ್ಪುವುದಿಲ್ಲವೆಂಬ ನಂಬಿಕೆಯಲ್ಲಿ ಹೋಬರ್ಟನೂ ನನ್ನ ಹಿಂದೆ ಬಂದ. ವೆರ್ಡೆಲ್ ಆಗಲೇ ಎರಡನೇ ಪಾದದ ಎರಡು ಮಾತು ಹಾಡಿದ್ದಳು. ಧ್ವನಿ ಬೇರೆ ಸ್ವರಕ್ಕೆ ತಾಗಿ ಅಪಸ್ವರವಾಯಿತು. ಅರ್ಧ ಉಸಿರು ನಿಂತಳು. ಆಮೇಲೆ ನಮ್ಮನ್ನು ಹಿಡಿಯಲು ಮಾತು ತುಂಡರಿಸಿ ಮೂರನೇ ಪಾದಕ್ಕೆ ಬಂದಳು. ಕೇಳುವವರಿಗೆ ಒಂದೇ ಅರ್ಥ: ಹೆಂಗಸು ಮಾತು ಮರೆತಳು.

ಹಾಡು ಮುಗಿದಾಗ ಆರು. ಗಾಜಿನಾಚೆಯಿಂದ ಡೆನಿಸ್ಟನ್ ಇಷ್ಟು ಸಾಕು ಎಂದ. ಹೆಚ್ಚುವರಿ ಕೂಲಿ ನನ್ನಿಂದಾಗದು, ಅದಿಲ್ಲದೆ ಇನ್ನೊಮ್ಮೆ ನುಡಿಸಲು ನಿಮ್ಮ ಪ್ರತಿನಿಧಿ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದ.

ವೆರ್ಡೆಲ್ ನನ್ನ ಹತ್ತಿರ ಬಂದಳು. "ಇನ್ನೊಂದ್ಸಲ, ಲೂಷಸ್. ಮೂರೇ ನಿಮಿಷ ಕಣೋ."

"ಆರಾಯ್ತು."

"ನನ್ನ ಸಂಬಳದಲ್ಲಿ ಕೊಡ್ತೀನಿ. ನಿಮ್ಮಿಬ್ರಿಗೂ."

"ಹಾಡೋರ ಹತ್ರ ಈಸ್ಕೊಳ್ಳೋ ಹಾಗಿಲ್ಲ. ರೂಲು."

ನಿಯಮದಲ್ಲಿ ಒಂದು ದಾರಿ ಇತ್ತು. ನುಡಿಸುವವನ ತಪ್ಪಿನಿಂದ ಹಾಡು ಕೆಟ್ಟಿದ್ದರೆ, ಹೆಚ್ಚುವರಿ ಕೂಲಿಯಿಲ್ಲದೆ ಇನ್ನೊಮ್ಮೆ ನುಡಿಸಲು ಪ್ರತಿನಿಧಿ ಅಪ್ಪಣೆ ಕೊಡಬಹುದು. ತಪ್ಪಿದವನ ಹೆಸರನ್ನು ಸಂಘಕ್ಕೆ ಕೊಡುವ ಹಾಳೆಯಲ್ಲಿ ಬರೆಯಬೇಕು, ಅಷ್ಟೆ. ಸಂಘದ ನಿಯಮದ ಪುಸ್ತಕವನ್ನು ಅರೆದು ಕುಡಿದಿದ್ದವನು ನಾನೊಬ್ಬನೇ. ಪ್ರತಿನಿಧಿಯೇ ಎಣಿಕೆ ತಪ್ಪಿದ ಎಂಬ ಸುದ್ದಿ ಸಂಘದ ಇಸ್ಪೀಟು ಮೇಜಿಗೆ ತಲುಪುವುದನ್ನು ನೆನೆದೆ. ನನ್ನ ಬೇಸ್ ವಾದ್ಯಕ್ಕೆ ಗವಸು ಹಾಕತೊಡಗಿದೆ. ಹೋಬರ್ಟ್ ಬಾಯಿ ತೆರೆದ, ನಾನು ಅವನನ್ನು ದಿಟ್ಟಿಸಿದೆ, ಮುಚ್ಚಿಕೊಂಡ. ಅವನಿಗೆ ಮುಂದಿನ ವಾರದ ಕೆಲಸ ಹಂಚುವವನು ನಾನೇ ತಾನೆ. ಗವಸಿನ ಕೊನೆಯ ಗುಂಡಿ ಹಾಕುವವರೆಗೂ ವೆರ್ಡೆಲ್ ನಿಂತು ಕಾದಳು. ಆಮೇಲೆ ಕೋಟು ತೆಗೆದುಕೊಂಡು ಹೋದಳು.

ಮಾರ್ಚ್‌ನಲ್ಲಿ ರೆಕಾರ್ಡ್ ಬಂತು. ಪತ್ರಿಕೆಯವನೊಬ್ಬ, ಪರಿಚಿತ ಹಾಡಿನ ಮಾತೇ ಗೊತ್ತಿಲ್ಲದ ಗಾಯಕಿ ಎಂದು ಬರೆದ. ಆ ಶನಿವಾರ ಬಾರು ಕಿಕ್ಕಿರಿದಿತ್ತು. ಕಸಾಯಿಖಾನೆಯಲ್ಲಿ ದುಡಿಯುವವನೊಬ್ಬ ಎದ್ದು ನಿಂತ.

"ವೆರ್ಡೆಲಕ್ಕ, ನನ್ನ ಬೂರ್ಬನ್ ಎಲ್ಲಿ? ರೆಕಾರ್ಡಲ್ಲೇ ಮುಗ್ಗರಿಸಿದ್ದೀಯಲ್ಲ."

ಜನ ನಕ್ಕರು. ನಾನು ಅವಳ ಬೆನ್ನಿಗೆ ಎರಡು ಮಾರು ದೂರದಲ್ಲಿದ್ದೆ. ಅವಳು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು.

"ಕೊಡಪ್ಪ ಅವನಿಗೆ, ನನ್ನ ಲೆಕ್ಕಕ್ಕೆ," ಎಂದಳು ಬಾರಿನವನಿಗೆ.

ಮುಂದಿನ ವಾರ ಐವರು ಕೇಳಿದರು. ಐವರಿಗೂ ಕೊಡಿಸಿದಳು. ತಿಂಗಳಾದ ಮೇಲೆ ಪಂದ್ಯ ನಿಲ್ಲಿಸಿದಳು. ಬೇಸಿಗೆ ಮುಗಿಯುವುದರೊಳಗೆ ಬಾರಿಗೆ ಬರುವುದನ್ನೂ ನಿಲ್ಲಿಸಿದಳು. ಡೆನಿಸ್ಟನ್ ಇನ್ನೊಂದು ರೆಕಾರ್ಡಿಗೆ ಕರೆಯಲಿಲ್ಲ. ಲಾಂಡ್ರಿಯಲ್ಲಿ ಇನ್ನೂ ಹದಿನೆಂಟು ವರ್ಷ ಇಸ್ತ್ರಿ ಉಜ್ಜಿದಳು.

ಅರವತ್ತರ ದಶಕದಲ್ಲಿ ನಾನು ಬೀದಿಯಲ್ಲಿದ್ದೆ. ಶಾಲೆಗಳಿಗಾಗಿ, ಮನೆಗಳಿಗಾಗಿ, ಎರಡು ಸಂಘ ಒಂದಾಗಲೆಂದು ಕೂಗಿದೆ, ಲಾಠಿ ತಿಂದೆ, ಲಾಕಪ್ಪಿನಲ್ಲಿ ಮಲಗಿದೆ. ಒಂದು ದಿನ ಚರ್ಚಿನ ನೆಲಮಾಳಿಗೆಯಲ್ಲಿ ಮೆರವಣಿಗೆಯವರಿಗೆ ಊಟ. ಕೆಂಪು ಬೀನ್ಸು, ಅನ್ನ. ಬಡಿಸುತ್ತಿದ್ದವಳು ವೆರ್ಡೆಲ್. ತಟ್ಟೆ ಹಿಡಿದುಕೊಂಡೇ, ಆ ಹಾಡು, ಆವತ್ತು ತಪ್ಪು ನನ್ನದು ಎಂದು ಶುರುಮಾಡಿದೆ.

"ನಂಗೆ ಹೇಳ್ತೀಯೇನೋ? ನಾನು ಅಲ್ಲೇ ಇದ್ನಲ್ಲ," ಎಂದಳು, ಸೌಟು ನಿಲ್ಲಿಸದೆ. "ಗೊತ್ತಿಲ್ಲದೋರಿಗೆ ಹೇಳು. ಈಗ ಜರುಗು, ಹಿಂದೆ ಹಸ್ಕೊಂಡು ನಿಂತಿದ್ದಾರೆ."

ಜರುಗಿದೆ. ಒಂದು ಗಂಟೆಯ ನಂತರ ಮೇಲಿನ ಸಭೆಯಲ್ಲಿ ನಾನೂರು ಜನರೆದುರು ನನ್ನ ಕೈಗೆ ಮೈಕು ಬಂತು. ಅವರಲ್ಲಿ ಅರ್ಧದಷ್ಟು ಜನ ಆ ಬಾರಿನಲ್ಲಿ ನಕ್ಕವರೇ. ದುಡಿದವರ ಹೆಸರಿಗೆ ಮಸಿ ಬಳಿಯುವ ಧಣಿಗಳ ವಿರುದ್ಧ ನಲವತ್ತು ನಿಮಿಷ ಗುಡುಗಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ವೆರ್ಡೆಲ್ ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡಳು. ಹೋಬರ್ಟ್ ಅದಕ್ಕೂ ಮುಂಚೆ. ಆ ಕೋಣೆಯಲ್ಲಿ ಏನಾಯಿತೆಂದು ಬಲ್ಲವನು ಈಗ ನಾನೊಬ್ಬನೇ. ಕಳೆದ ವರ್ಷ ಬೇರೊಂದು ಕಂಪನಿ ಆ ರೆಕಾರ್ಡನ್ನು ಮತ್ತೆ ಹೊರತಂದಿದೆ, ಚೆನ್ನಾಗಿ ಮಾರಾಟವಾಗುತ್ತಿದೆಯಂತೆ. ಹೊದಿಕೆಯ ಹಿಂಬದಿಯಲ್ಲಿ, ಕೊನೆಯ ಹಾಡಿನಲ್ಲಿ ಆಕೆ ಮಾತು ಮರೆತು ಮುದ್ದಾಗಿ ತಡವರಿಸುತ್ತಾಳೆ ಎಂದು ಅಚ್ಚು ಹಾಕಿದ್ದಾರೆ. ತಪ್ಪು ನನ್ನದೆಂದು ಆ ಕಂಪನಿಗೆ ಎರಡು ಕಾಗದ ಬರೆದೆ. ಕೇಳುಗರಿಗೆ ಆ ತಡವರಿಕೆಯೇ ಇಷ್ಟ ಎಂದು ಉತ್ತರ ಬಂತು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಆ ರೆಕಾರ್ಡ್ ನಿಮ್ಮ ಮನೆಯಲ್ಲಿದ್ದರೆ ಪೆನ್ನು ತನ್ನಿ. ಹೊದಿಕೆಯ ಮೇಲಿನ ಆ ಸಾಲು ಹೊಡೆದುಹಾಕಿ, ತಪ್ಪಿದವನು ಬೇಸ್ ನುಡಿಸಿದ ಲೂಷಸ್ ಕ್ರೆನ್ಷಾ ಎಂದು ಬರೆಯಿರಿ. ನಿಮ್ಮ ಮನೆಗೆ ಬಂದವರು ಆ ತಡವರಿಕೆ ಕೇಳಿ ನಕ್ಕರೆ ಹಾಡು ನಿಲ್ಲಿಸಿ, ನನ್ನ ಹೆಸರು ಹೇಳಿ. ಹೇಳುತ್ತೀರೋ, ಇಲ್ಲ ನನ್ನ ಹಾಗೆ ಗವಸಿನ ಗುಂಡಿ ಹಾಕುತ್ತ ಕೂರುತ್ತೀರೋ?